ಎರಡನೇ ಹೊಡೆತಕ್ಕೆ ಮುನ್ನ

ರಾಯಚೂರಿನ ಸ್ಕ್ಯಾನಿಂಗ್ ಕೇಂದ್ರಗಳ ಹೊರಗೆ ಕಾದು ಕುಳಿತ ಮನೆಮಂದಿ ಕೇಳುವ ಮಾತು ಬಹುಮಟ್ಟಿಗೆ ಒಂದೇ: "ಎಂಆರ್‌ಐ ಮಾಡಿಸಿದ್ರ ಕೈ ಬರ್ತದೇನ್ರಿ ಸರ?" ದೇವದುರ್ಗದ ಕಡೆಯಿಂದಲೋ ಮಾನ್ವಿಯ ಕಡೆಯಿಂದಲೋ ಬಾಡಿಗೆ ಗಾಡಿ ಮಾಡಿಕೊಂಡು ಬಂದವರು ಅವರು. ಲಕ್ವ ಹೊಡೆದು ಒಂದು ದಿನವೋ ಎರಡು ದಿನವೋ ಆಗಿರುತ್ತದೆ. ಗಾಳಿ ಸೋಕಿರಬೇಕೆಂದು ಮೊದಲು ಎಣ್ಣೆ ತಿಕ್ಕಿದ್ದಾರೆ, ಯಾರೋ ಹೇಳಿದ ನಾಟಿ ಔಷಧ ಹಾಕಿಸಿದ್ದಾರೆ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದಿದ್ದಾರೆ. ಸಾಲ ಮಾಡಿ ತಂದ ದುಡ್ಡು ಮಗನ ಜೇಬಿನಲ್ಲಿದೆ. ಅವನ ಪ್ರಶ್ನೆಗೆ ನೇರ ಉತ್ತರ ಕೊಡುವವರು ಕಡಿಮೆ.

ಉತ್ತರ ಇಷ್ಟು. ಸ್ಕ್ಯಾನ್ ಕೈ ತರುವುದಿಲ್ಲ. ಈ ಹೊಡೆತ ಯಾಕೆ ಬಿತ್ತು, ಮುಂದಿನ ವಾರ ಇನ್ನೊಂದು ಹೊಡೆತ ಬೀಳುವ ಸಂಭವವಿದೆಯೇ, ಅದನ್ನು ತಡೆಯಲು ಯಾವ ದಾರಿ ಹಿಡಿಯಬೇಕು ಎಂಬುದನ್ನು ಮಾತ್ರ ಅದು ಹೇಳಬಲ್ಲದು. ತಡವಾಗಿ ಆಸ್ಪತ್ರೆ ತಲುಪಿದವರಿಗೆ, ಅಂದರೆ ನಮ್ಮ ಭಾಗದ ಬಹುತೇಕ ರೋಗಿಗಳಿಗೆ, ಎಂಆರ್‌ಐನ ನಿಜವಾದ ಬೆಲೆ ಇರುವುದು ಈ ಎರಡನೇ ಹೊಡೆತವನ್ನು ತಡೆಯುವುದರಲ್ಲಿ. ಹಾಗಿದ್ದೂ ವರದಿ ಬಂದ ಮೇಲೆ ಅದನ್ನು ಮಡಚಿ ಚೀಲಕ್ಕೆ ಸೇರಿಸಿ, "ಎಲ್ಲಾ ಮುಗೀತು, ಇನ್ನ ದೇವರ ಮ್ಯಾಲೆ ಭಾರ" ಎಂದು ಊರಿಗೆ ಮರಳುವವರನ್ನು ಕಂಡಾಗ ಸಂಕಟವಾಗುತ್ತದೆ. ಕೆಲಸ ಶುರುವಾಗಬೇಕಾದದ್ದೇ ಆಗ.

ಮಿದುಳು ನಮ್ಮ ಮೈತೂಕದ ಶೇ 2ರಷ್ಟು. ಅದು ಬಳಸುವ ಆಮ್ಲಜನಕ ಇಡೀ ದೇಹದ ಬಳಕೆಯ ಶೇ 20ರಷ್ಟು. ಈ ಹಸಿವನ್ನು ತಣಿಸಲು ಕುತ್ತಿಗೆಯ ಮುಂಭಾಗದಲ್ಲಿ ಎರಡು ಕ್ಯಾರೋಟಿಡ್ ಅಪಧಮನಿಗಳು, ಹಿಂಭಾಗದಲ್ಲಿ ಬೆನ್ನುಮೂಳೆಯ ಮಣಿಗಳೊಳಗಿಂದ ಹಾದುಬರುವ ಎರಡು ವರ್ಟಿಬ್ರಲ್ ಅಪಧಮನಿಗಳು ಮೇಲೇರುತ್ತವೆ. ಮಿದುಳಿನ ತಳದಲ್ಲಿ ಇವೆಲ್ಲ ಒಂದು ಉಂಗುರವಾಗಿ ಕೂಡಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರಿಸಿದ ಆ ಉಂಗುರಕ್ಕೆ ಇಂದಿಗೂ ಅವನದೇ ಹೆಸರು. ಅಲ್ಲಿಂದ ಕವಲೊಡೆದ ನಾಳಗಳು ಮಿದುಳಿನ ಮೂಲೆಮೂಲೆಗೂ ರಕ್ತ ಒಯ್ಯುತ್ತವೆ. ಕೈಕಾಲು, ಮಾತು ಎರಡನ್ನೂ ನೋಡಿಕೊಳ್ಳುವ ಭಾಗಕ್ಕೆ ಹೋಗುವ ಮಧ್ಯದ ನಾಳವನ್ನು ವರದಿಗಳಲ್ಲಿ ಎಂಸಿಎ ಎಂದು ಬರೆದಿರುತ್ತಾರೆ. ಅದರ ಬುಡದ ಅಡ್ಡಳತೆ ಸುಮಾರು 3 ಮಿಲಿಮೀಟರ್.

ಇಂಥ ನಾಳ ಕಿರಿದಾದರೆ ಏನಾಗುತ್ತದೆಂದು ಮಾನ್ವಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲುಭಾಗದಲ್ಲೇ ನೀರು ಸೊರಗಿದರೆ ಮೊದಲು ಒಣಗುವುದು ಕೊನೆಭಾಗದ ಗದ್ದೆ. ಮಿದುಳಿನಲ್ಲೂ ಎರಡು ನಾಳಗಳ ಹರವು ಕೊನೆಗೊಂಡು ಸಂಧಿಸುವ ಅಂಚಿನ ಪ್ರದೇಶಗಳಿವೆ. ದೊಡ್ಡ ನಾಳ ಕಿರಿದಾದವರಲ್ಲಿ ಯಾವುದೋ ಕಾರಣಕ್ಕೆ ರಕ್ತದೊತ್ತಡ ಕುಸಿದಾಗ ಪೆಟ್ಟು ಬೀಳುವುದು ಈ ಅಂಚಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರ ಬಿಸಿಲಲ್ಲಿ ವಾಂತಿಭೇದಿಯಾಗಿ ಮೈಯ ನೀರು ಬತ್ತಿದರೂ ಸಾಕು, ಬಿಪಿ ಗುಳಿಗೆಯನ್ನು ಒಮ್ಮೆಲೇ ಹೆಚ್ಚು ನುಂಗಿದರೂ ಸಾಕು. ಎಂಆರ್‌ಐ ಚಿತ್ರದಲ್ಲಿ ಈ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಬಿಳಿ ಚುಕ್ಕೆಗಳು ಕಂಡರೆ ನುರಿತ ರೇಡಿಯಾಲಜಿಸ್ಟ್ ಮರುಮಾತಿಲ್ಲದೆ ಮೇಲಿನ ದೊಡ್ಡ ನಾಳವನ್ನು ಹುಡುಕಲು ಹೊರಡುತ್ತಾರೆ.

ಮೊದಲ ಗಂಟೆಗಳ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಗೊಂದಲ ಬಹಳ. ಬಾಯಿ ಸೊಟ್ಟಗಾದ, ಕೈ ಬಿದ್ದ, ಮಾತು ತೊದಲಿದ ವ್ಯಕ್ತಿಗೆ ಮೊದಲು ಬೇಕಾದದ್ದು ಸಿ.ಟಿ. ಸ್ಕ್ಯಾನ್. ಅದು ಕೆಲವೇ ನಿಮಿಷಗಳ ಕೆಲಸ. ಒಳಗೆ ರಕ್ತಸ್ರಾವವಾಗಿದೆಯೇ ಇಲ್ಲವೇ ಎಂಬುದನ್ನು ಅದು ತಕ್ಷಣ ತಿಳಿಸುತ್ತದೆ. ಸ್ರಾವವಿಲ್ಲ, ನಾಳ ಕಟ್ಟಿದೆ ಎಂದಾದರೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದು. ಈ ಮದ್ದಿಗೆ ದಾರಿ ತೆರೆದದ್ದು ಅಮೆರಿಕದ 1995ರ ಅಧ್ಯಯನ. ಆಗ ಮಿತಿ 3 ಗಂಟೆ ಇತ್ತು, 2008ರಲ್ಲಿ ಅದು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ನಾಳದಿಂದ ಸಣ್ಣ ಕೊಳವೆ ಏರಿಸಿ ಹೆಪ್ಪನ್ನು ಹೊರಕ್ಕೆಳೆಯುವ ಚಿಕಿತ್ಸೆಯೂ 2015ರ ನಂತರ ಜಗತ್ತಿನಾದ್ಯಂತ ಗಟ್ಟಿಯಾಗಿ ನೆಲೆಯೂರಿದೆ. ಆಯ್ದ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೊಡ್ಡ ನಾಳ ಕಟ್ಟಿ ಹಾಗೇ ಬಿಟ್ಟರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಎಂಆರ್‌ಐಗೆ ಸರದಿ ಕಾಯುತ್ತ ಈ ನಿಮಿಷಗಳನ್ನು ಕಳೆಯಬಾರದು. ಮೊದಲ ಗಂಟೆಗಳಲ್ಲಿ ಸಿ.ಟಿ. ಇರುವ ಆಸ್ಪತ್ರೆ ಸಾಕು. ಎಂಆರ್‌ಐ ಇದೆ ಎಂಬ ಒಂದೇ ಕಾರಣಕ್ಕೆ ದೂರದ ಊರಿಗೆ ಗಾಡಿ ಓಡಿಸಬೇಡಿ.

ಆದರೆ ಒಂದು ಸಂದರ್ಭದಲ್ಲಿ ಮೊದಲ ದಿನವೇ ಎಂಆರ್‌ಐ ಸಿ.ಟಿ.ಯನ್ನು ಮೀರಿಸುತ್ತದೆ. ರಾತ್ರಿ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಎತ್ತಲಾರದೆ ಹೋದರೆ ಹೊಡೆತ ಬಿದ್ದದ್ದು ಎಷ್ಟು ಹೊತ್ತಿಗೆಂದು ಯಾರಿಗೂ ಗೊತ್ತಿರುವುದಿಲ್ಲ. ರಕ್ತ ನಿಂತ ಕೋಶಗಳು ಊದಿಕೊಂಡು ಅವುಗಳ ಸುತ್ತಲಿನ ನೀರಿನ ಅಣುಗಳ ಓಡಾಟಕ್ಕೆ ಜಾಗ ಇಲ್ಲದಂತಾಗುತ್ತದೆ. ಎಂಆರ್‌ಐನ ಡಿಫ್ಯೂಷನ್ ಎಂಬ ವಿಧಾನ ಈ ಅಡಚಣೆಯನ್ನು ನಿಮಿಷಗಳಲ್ಲೇ ಬೆಳ್ಳಗೆ ತೋರಿಸುತ್ತದೆ. ಫ್ಲೇರ್ ಎಂಬ ಇನ್ನೊಂದು ವಿಧಾನದಲ್ಲಿ ಅದೇ ಜಾಗ ಬೆಳ್ಳಗಾಗಲು ಕೆಲವು ಗಂಟೆ ಹಿಡಿಯುತ್ತದೆ. ಮೊದಲನೆಯದರಲ್ಲಿ ಬಿಳುಪು ಕಂಡು ಎರಡನೆಯದರಲ್ಲಿ ಕಾಣದಿದ್ದರೆ ಹೊಡೆತ ಹೊಸದೆಂದೇ ಅರ್ಥ. ಅಂಥವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಯೋಜನವಿದೆ ಎಂಬುದನ್ನು ಯುರೋಪಿನ ಅಧ್ಯಯನವೊಂದು 2018ರಲ್ಲಿ ಸ್ಥಿರಪಡಿಸಿತು. ಗಡಿಯಾರ ಹೇಳಲಾರದ್ದನ್ನು ಚಿತ್ರ ಹೇಳಿದ ಹಾಗಾಯಿತು.

ಈಗ ತಡವಾಗಿ ಬಂದವರ ವಿಷಯ. ಇವರಿಗೆ ಮಾಡುವ ಪರೀಕ್ಷೆಯನ್ನು ಚೀಟಿಯಲ್ಲಿ ಸಾಮಾನ್ಯವಾಗಿ 'ಎಂಆರ್‌ಐ ಬ್ರೇನ್ ವಿತ್ ಎಂಆರ್ ಆಂಜಿಯೋ' ಎಂದು ಬರೆದಿರುತ್ತಾರೆ. ಆಂಜಿಯೋ ಎಂದೊಡನೆ ತೊಡೆಗೆ ಚುಚ್ಚುತ್ತಾರೆಂದು ಹೆದರುವವರಿದ್ದಾರೆ. ಇದರಲ್ಲಿ ಚುಚ್ಚುವುದೇ ಇಲ್ಲ, ಬಣ್ಣದ ಮದ್ದೂ ಬೇಕಿಲ್ಲ, ಎಕ್ಸ್‌ರೇಯೂ ಇಲ್ಲ. ದೇಹದ ನೀರಿನಲ್ಲಿರುವ ಜಲಜನಕದ ಪ್ರೋಟಾನುಗಳು ಬಲವಾದ ಅಯಸ್ಕಾಂತದೊಳಗೆ ಒಂದು ದಿಕ್ಕಿಗೆ ಸಾಲಾಗುತ್ತವೆ. ರೇಡಿಯೋ ಅಲೆ ಹಾಯಿಸಿದಾಗ ದಿಕ್ಕು ತಪ್ಪಿ ಮತ್ತೆ ಸಾಲಿಗೆ ಮರಳುತ್ತ ಸಂಕೇತ ಹೊರಡಿಸುತ್ತವೆ. ಅಲೆಗಳನ್ನು ಎಡೆಬಿಡದೆ ಹಾಯಿಸಿದರೆ, ಕದಲದೆ ಇರುವ ಮಿದುಳಿನ ಅಂಗಾಂಶದ ಪ್ರೋಟಾನುಗಳಿಗೆ ಸುಧಾರಿಸಿಕೊಳ್ಳಲು ಬಿಡುವಿಲ್ಲದೆ ಅವು ಮಂಕಾಗುತ್ತವೆ. ಕುತ್ತಿಗೆಯಿಂದ ಅದೇ ಕ್ಷಣ ಹರಿದುಬಂದ ರಕ್ತಕ್ಕೆ ಆ ಅಲೆಗಳ ಹೊಡೆತ ಇನ್ನೂ ತಾಗಿರುವುದಿಲ್ಲ, ಅದು ಪ್ರಖರವಾಗಿ ಹೊಳೆಯುತ್ತದೆ. ಕತ್ತಲೆಯ ನಡುವೆ ನಾಳಗಳಷ್ಟೇ ಬೆಳಗುವ ಚಿತ್ರ ಮೂಡುವುದು ಹೀಗೆ. ಎಂಆರ್‌ಐ ಚಿತ್ರಣಕ್ಕೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ವೈದ್ಯಕೀಯ ನೊಬೆಲ್ ಬಂತು.

ಇಲ್ಲೊಂದು ಸೂಕ್ಷ್ಮವಿದೆ, ರೋಗಿಯ ಮನೆಯವರೂ ಇದನ್ನು ತಿಳಿದಿರಬೇಕು. ಈ ಚಿತ್ರ ತೋರಿಸುವುದು ನಾಳದ ಗೋಡೆಯನ್ನಲ್ಲ, ಒಳಗಿನ ಹರಿವನ್ನು. ಕಿರಿದಾದ ಜಾಗದಲ್ಲಿ ರಕ್ತ ಸುಳಿಯಾಗಿ ತಿರುಗಿದರೆ, ಅಥವಾ ಅದರಾಚೆ ನಿಧಾನವಾದರೆ ಹೊಳಪು ಕುಂದುತ್ತದೆ. ಆಗ ಇರುವುದಕ್ಕಿಂತ ಹೆಚ್ಚು ಕಿರಿದಾದಂತೆ, ಕೆಲವೊಮ್ಮೆ ನಾಳವೇ ತುಂಡಾದಂತೆ ಕಾಣಬಹುದು. ಜೊತೆಗೆ ಚಿತ್ರದ ಒಂದೊಂದು ಚುಕ್ಕೆಯೇ ಸುಮಾರು ಅರ್ಧ ಮಿಲಿಮೀಟರ್. 3 ಮಿಲಿಮೀಟರಿನ ನಾಳ 1 ಮಿಲಿಮೀಟರಿಗೆ ಇಳಿದಿದ್ದರೆ ಅಲ್ಲಿ ಎಣಿಸಲು ಸಿಗುವುದು ಎರಡೇ ಚುಕ್ಕೆ. ಹೀಗಿರುವಾಗ ಕಿರಿದಾದದ್ದು ಶೇ 60ರಷ್ಟೋ ಶೇ 70ರಷ್ಟೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಈ ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ ತೂಗಿ ನೋಡಿದ ಫಲ 2007ರಲ್ಲಿ ಪ್ರಕಟವಾಯಿತು. ನಾಳದೊಳಗೆ ಕೊಳವೆ ತೂರಿಸಿ ತೆಗೆಯುವ ಹಳೆಯ ಆಂಜಿಯೋಗ್ರಾಮನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಅರ್ಧಕ್ಕಿಂತ ಹೆಚ್ಚು ಕಿರಿದಾಗಿಲ್ಲವೆಂದು ಎಂಆರ್ ಆಂಜಿಯೋ ಹೇಳಿದಾಗ 100ರಲ್ಲಿ 91 ಸಲ ಅದು ಸರಿಯಾಗಿತ್ತು. ಕಿರಿದಾಗಿದೆ ಎಂದು ಹೇಳಿದಾಗ ಸರಿಯಾದದ್ದು 59 ಸಲ. ಆಮೇಲೆ ಯಂತ್ರಗಳು ಸುಧಾರಿಸಿವೆ, ಆದರೂ ಪಾಠ ಬದಲಾಗಿಲ್ಲ. 'ನಾಳಗಳು ಸರಿಯಾಗಿವೆ' ಎಂಬ ವರದಿಯನ್ನು ಹೆಚ್ಚು ಅಳುಕಿಲ್ಲದೆ ನಂಬಬಹುದು. 'ತೀವ್ರವಾಗಿ ಕಿರಿದಾಗಿದೆ' ಎಂಬ ವರದಿ ಬಂದರೆ ಅದನ್ನು ಸಿ.ಟಿ. ಆಂಜಿಯೋಗ್ರಾಮ್‌ನೊಂದಿಗೆ ಅಥವಾ ಅಗತ್ಯಬಿದ್ದರೆ ಕೊಳವೆಯ ಆಂಜಿಯೋಗ್ರಾಮ್‌ನೊಂದಿಗೆ ತಾಳೆ ನೋಡದೆ ದೊಡ್ಡ ಖರ್ಚಿನ ಚಿಕಿತ್ಸೆಗೆ ಒಪ್ಪಬಾರದು.

ನಮ್ಮ ಜನರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಿಳಿಯರಲ್ಲಿ ಕುತ್ತಿಗೆಯ ಕ್ಯಾರೋಟಿಡ್‌ನಲ್ಲಿ ಕೊಬ್ಬು ಕಟ್ಟುವುದು ಹೆಚ್ಚು. ಏಷ್ಯಾದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳೇ ಕಿರಿದಾಗುವುದು ಅವರಿಗಿಂತ ಹೆಚ್ಚು. ಕುತ್ತಿಗೆಯ ಮೇಲೆ ಡಾಪ್ಲರ್ ಇಟ್ಟು ನೋಡಿ 'ಏನೂ ಇಲ್ಲ' ಎಂದು ಕಳಿಸಿದರೆ ಒಳಗಿನ ಕಾಯಿಲೆ ತಪ್ಪಿಹೋಗುತ್ತದೆ. ರಾಯಚೂರಿನಂಥ ಊರಿನಲ್ಲಿ ಎಂಆರ್ ಆಂಜಿಯೋ ಬೇಕೇ ಬೇಕೆನ್ನಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣುವುದಿಲ್ಲ.

ಕಿರಿದಾಗಿದೆ ಎಂದು ಖಚಿತವಾದ ಮೇಲೆ "ಸ್ಟೆಂಟ್ ಹಾಕಿಸಿಬಿಡ್ರಿ, ಹೊಲ ಮಾರಿಯಾದ್ರೂ ಕೊಡ್ತೀವಿ" ಎನ್ನುವವರಿದ್ದಾರೆ. ಹೃದಯಕ್ಕೆ ಹಾಕಿದ್ದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಮಿದುಳಿನ ಲೆಕ್ಕ ಬೇರೆ. ಒಳನಾಳ ಶೇ 70ರಿಂದ 99ರಷ್ಟು ಕಿರಿದಾಗಿ ಆಗಲೇ ಒಂದು ಹೊಡೆತ ಕಂಡಿದ್ದ 451 ಮಂದಿಯನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬಿಗಿಯಾದ ಔಷಧೋಪಚಾರವಷ್ಟೇ, ಇನ್ನೊಂದಕ್ಕೆ ಅದರ ಜೊತೆ ಸ್ಟೆಂಟ್. ಮೊದಲ 30 ದಿನಗಳಲ್ಲಿ ಮತ್ತೆ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಹಾಕಿದವರಲ್ಲಿ ಶೇ 14.7, ಔಷಧವಷ್ಟೇ ಪಡೆದವರಲ್ಲಿ ಶೇ 5.8. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ 2011ರಲ್ಲಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಆ ಔಷಧೋಪಚಾರದಲ್ಲಿ ಇದ್ದದ್ದೇನು? ಆಸ್ಪಿರಿನ್, ಮೊದಲ 90 ದಿನ ಅದರ ಜೊತೆ ಕ್ಲೊಪಿಡೊಗ್ರೆಲ್, ಕೊಬ್ಬಿಳಿಸುವ ಸ್ಟ್ಯಾಟಿನ್, ಬಿಪಿ 140ರ ಕೆಳಗೆ, ಕೆಟ್ಟ ಕೊಲೆಸ್ಟರಾಲ್ 70ರ ಕೆಳಗೆ, ಸಕ್ಕರೆಯ ಹತೋಟಿ, ಬೀಡಿ-ಸಿಗರೇಟು ಬಂದ್, ನಡಿಗೆ. ಈ ಗುಳಿಗೆಗಳು ಮಾನ್ವಿಯ ಔಷಧದ ಅಂಗಡಿಯಲ್ಲೂ ಸಿಗುತ್ತವೆ. ಯಾರಿಗೆ ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು, ಆದರೆ ಇದಕ್ಕೆ ಹೊಲ ಮಾರಬೇಕಿಲ್ಲ. ಕುತ್ತಿಗೆಯ ಕ್ಯಾರೋಟಿಡ್ ಶೇ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಮಾತು ಬೇರೆ. ಅಲ್ಲಿ ಶಸ್ತ್ರಚಿಕಿತ್ಸೆಯಿಂದ ಲಾಭವಿದೆ ಎಂಬುದು 1991ರಿಂದಲೇ ಗೊತ್ತಿದೆ. ಚಿತ್ರ ನೋಡಿ ಜಾಗ ಗುರುತಿಸುವುದರ ಮಹತ್ವ ಇದೇ.

ನಾಳ ಕಟ್ಟುವುದಕ್ಕೆ ಕೊಬ್ಬೊಂದೇ ಕಾರಣವೂ ಅಲ್ಲ. ಬಿಳಿ ಚುಕ್ಕೆಗಳು ಮಿದುಳಿನ ಎರಡೂ ಬದಿಗೆ, ಹಿಂದೆ ಮುಂದೆ ಚದುರಿದ್ದರೆ ಹೆಪ್ಪು ಹೃದಯದಿಂದ ಹಾರಿ ಬಂದಿರುವ ಅನುಮಾನ ಬಲವಾಗುತ್ತದೆ. ಆಗ ಇಸಿಜಿ, ಎಕೋ ಬೇಕು, ಮದ್ದೂ ಬೇರೆ. ಕ್ಷಯ ಮಿದುಳಿನ ಪೊರೆಗೆ ತಗುಲಿದಾಗ ತಳಭಾಗದ ನಾಳಗಳು ಉರಿಯೂತದಿಂದ ಸಂಕುಚಿಸುತ್ತವೆ. ವಾರಗಟ್ಟಲೆ ಜ್ವರ, ತಲೆನೋವು ಇದ್ದ ಹುಡುಗನಿಗೆ ಕೈ ಬಿದ್ದರೆ ಇದನ್ನು ಮರೆಯುವಂತಿಲ್ಲ. ನಾಳದ ಗೋಡೆಯನ್ನೇ ತೋರಿಸುವ ಹೊಸ ಬಗೆಯ ಎಂಆರ್‌ಐನಲ್ಲಿ ಕೊಬ್ಬು ಒಂದು ಮಗ್ಗುಲಿಗೆ ದಪ್ಪಗೆ ಕಾಣುತ್ತದೆ, ಉರಿಯೂತ ಸುತ್ತಲೂ ಸಮನಾಗಿ. ಇನ್ನು ಬಾಣಂತಿಯರಲ್ಲಿ ಕಟ್ಟುವುದು ಹಲವು ಸಲ ಅಪಧಮನಿಯಲ್ಲ, ರಕ್ತವನ್ನು ಹೊರಗೊಯ್ಯುವ ಸಿರೆ. ಹೆರಿಗೆಯಾದ ಮೇಲೆ ನೀರು ಕುಡಿಯಲು ಕೊಡಬಾರದೆಂಬ ರೂಢಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಹೆರಿಗೆಯ ವಾರಗಳಲ್ಲಿ ಬಿಡದ ತಲೆನೋವು, ಫಿಟ್ಸ್ ಬಂದರೆ ಎಂಆರ್ ವೀನೋಗ್ರಾಮ್ ಎಂಬ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅವ್ವಂದಿರೇ, ಅತ್ತೆಯರೇ, ಬಾಣಂತಿಗೆ ನೀರು ಕೊಡಿ.

ಪರೀಕ್ಷೆಗೆ ಹೋಗುವ ಮುನ್ನ ಕೆಲವು ಮಾತು. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು. ಅದು ಸದಾ ಚಾಲೂ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ತಾಳಿ ಸರಕ್ಕೆ, ಬಳೆಗೆ ಸಿಕ್ಕಿಸಿಕೊಳ್ಳುವ ಪಿನ್ನುಗಳೇ ಇಲ್ಲಿ ದೊಡ್ಡ ಭಯ, ಅವು ಕಬ್ಬಿಣದವು. ತುರುಬಿನ ಹೇರ್‌ಪಿನ್ ಕೂಡ ಅಷ್ಟೇ. ಬಂಗಾರವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಆದರೂ ಅದು ಬಿಸಿಯಾಗಬಹುದು, ಚಿತ್ರವನ್ನೂ ಕೆಡಿಸುತ್ತದೆ. ತಾಳಿ ತೆಗೆಯಲು ಒಪ್ಪದೆ ಅಳುವ ಮುತ್ತೈದೆಯರಿಗೆ ಅರಿಶಿನದ ದಾರ ಕಟ್ಟಿ ಒಳಗೆ ಕಳಿಸಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಎಷ್ಟೋ ವರ್ಷದಿಂದ ಬಿಚ್ಚದ ಮೂಗುಬೊಟ್ಟು, ಕಾಲುಂಗುರ ಬರದಿದ್ದರೆ ಮೊದಲೇ ಹೇಳಿ, ಸಿಬ್ಬಂದಿಗೆ ದಾರಿ ಗೊತ್ತಿರುತ್ತದೆ. ಗಂಡಸರು ಉಡದಾರದ ತಾಯತ, ಬೀಗದ ಕೈ ಮರೆಯುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಹಿಂದೆ ಮಿದುಳಿನ ಆಪರೇಷನ್‌ನಲ್ಲಿ ಕ್ಲಿಪ್ ಹಾಕಿದ್ದರೆ, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಬಿದ್ದಿದ್ದರೆ ಬಾಗಿಲಲ್ಲೇ ಹೇಳಬೇಕು. ಒಳಗೆ ಸದ್ದು ಜೋರು, ಕಿವಿಗೆ ಏನಾದರೂ ಕೊಡುತ್ತಾರೆ. ತಲೆ ಅಲುಗಿದರೆ ನಾಳಗಳ ಚಿತ್ರ ಕಲಸಿಹೋಗಿ, ಇಲ್ಲದ ಅಡಚಣೆ ಕಂಡೀತು.

ವರದಿ ಬಂದಾಗ ಒಂದು ಪದ ಮನೆಮಂದಿಯನ್ನು ವಿನಾಕಾರಣ ಹೆದರಿಸುತ್ತದೆ. 'ಹೈಪೋಪ್ಲಾಸ್ಟಿಕ್ ವರ್ಟಿಬ್ರಲ್ ಆರ್ಟರಿ' ಎಂದಿದ್ದರೆ ಹಿಂಭಾಗದ ಎರಡು ನಾಳಗಳಲ್ಲಿ ಒಂದು ಹುಟ್ಟಿನಿಂದಲೇ ಸಣ್ಣದೆಂದು ಅರ್ಥ. ಬಹಳ ಜನರಲ್ಲಿ ಹೀಗಿರುತ್ತದೆ, ಸಾಮಾನ್ಯವಾಗಿ ಇನ್ನೊಂದು ನಾಳ ಆ ಕೆಲಸವನ್ನೂ ಮಾಡುತ್ತದೆ. 'ಸ್ಟೆನೋಸಿಸ್' ಎಂದರೆ ಕಿರಿದಾದದ್ದು, 'ಅಕ್ಲೂಷನ್' ಎಂದರೆ ಪೂರ್ತಿ ಕಟ್ಟಿದ್ದು. ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದಾದರೆ ಕಾಗದದ ವರದಿಯ ಜೊತೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಫಿಲ್ಮ್‌ನಲ್ಲಿ ಕಾಣುವುದು ಆಯ್ದ ಕೆಲವು ಚಿತ್ರ, ಪೂರ್ತಿ ಪರೀಕ್ಷೆ ಇರುವುದು ಸಿ.ಡಿ.ಯಲ್ಲಿ. ಅದಿಲ್ಲದೆ ಹೋದವರಿಗೆ ಅಲ್ಲಿ ಮತ್ತೊಮ್ಮೆ ಸ್ಕ್ಯಾನ್, ಮತ್ತೊಮ್ಮೆ ಖರ್ಚು.

ಐದು ನಿಮಿಷ ಕೈ ಬಿದ್ದು ಮತ್ತೆ ಸರಿಹೋದವರು ಆಸ್ಪತ್ರೆಗೇ ಬರುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಹಾಗೆ ಬಂದು ಹೋದದ್ದರ ಬೆನ್ನಿಗೆ ದೊಡ್ಡ ಹೊಡೆತ ಬೀಳುವ ಅಪಾಯ ಮೊದಲ ಎರಡು ದಿನಗಳಲ್ಲೇ ಅತಿ ಹೆಚ್ಚು. ಎಂಆರ್ ಆಂಜಿಯೋದಿಂದ ಅತ್ಯಂತ ಹೆಚ್ಚು ಲಾಭ ಪಡೆಯಬಹುದಾದವರು ಇವರೇ, ಏಕೆಂದರೆ ಕಳೆದುಕೊಳ್ಳುವುದು ಇನ್ನೂ ಬಾಕಿ ಇರುತ್ತದೆ.

ಇದೆಲ್ಲ ವ್ಯಕ್ತಿಯ ಜವಾಬ್ದಾರಿ ಎಂದು ಹೇಳಿ ಮುಗಿಸಲಾಗದು. ದೇವದುರ್ಗವನ್ನು, ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ಅದಕ್ಕೂ ಮೊದಲಿನಿಂದ ಓಪೆಕ್ ಆಸ್ಪತ್ರೆ, ನವೋದಯ ಕಾಲೇಜು ಇವೆ. ಆದರೂ ಏಮ್ಸ್ ಬೇಕೆಂದು 2022ರ ಮೇ 13ರಂದು ಧರಣಿ ಕುಳಿತ ಜನ ವರ್ಷಗಟ್ಟಲೆ ಏಳಲಿಲ್ಲ. ನ್ಯಾಯವಾದ ಬೇಡಿಕೆ ಅದು. ಆದರೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರು ಓದಿ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಹೃದಯ ಜ್ಯೋತಿ ಯೋಜನೆಯನ್ನು ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಸರ್ಕಾರವೇ ಮಾಡಿದೆ. ಮಿದುಳಿನ ಹೆಪ್ಪನ್ನು ಕರಗಿಸಲೂ ಬಳಸುವುದು ಅದೇ ಮದ್ದು, ಪ್ರಮಾಣ ಬೇರೆ ಅಷ್ಟೇ. ಅಡ್ಡಿ ಒಂದೇ. ಒಳಗೆ ರಕ್ತ ಸುರಿಯುತ್ತಿದ್ದರೆ ಆ ಮದ್ದು ಕೊಲ್ಲುತ್ತದೆ, ಅದನ್ನು ಇಸಿಜಿ ಹೇಳಲಾರದು, ಸಿ.ಟಿ.ಯೇ ಬೇಕು. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಅದೇ ಜೋಡಿ ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲುರಾತ್ರಿ ನಡೆಯುವ ಸಿ.ಟಿ., ಅದರ ಚಿತ್ರವನ್ನು ಆ ಕ್ಷಣವೇ ಓದುವ ತಜ್ಞರು, ಫ್ರಿಜ್ಜಿನಲ್ಲಿ ಆ ಮದ್ದು, ಮರುದಿನ ರಾಯಚೂರಿನಲ್ಲಿ ಕೈಯಿಂದ ದುಡ್ಡು ಬಿಚ್ಚದೆ ಎಂಆರ್ ಆಂಜಿಯೋ, ಇಷ್ಟನ್ನು ಒಂದು ಸಾಲಿನಲ್ಲಿ ಜೋಡಿಸಬೇಕು. ಮುಂದಿನ ಬಜೆಟ್‌ಗೆ ಮೊದಲು ನಮ್ಮ ಶಾಸಕರನ್ನು ಕೇಳಬೇಕಾದ ಪಟ್ಟಿ ಇದು.